ಕ್ಷೇಮವೆಂಬ ಮೊದಲ ಸಾಲು

"ಅಜ್ಜಾ, ಸೈನ್ಯದಿಂದ ಬಂದ ಮೇಲೆ ನನ್ನ ಗಂಡ ಕುಡಿತಕ್ಕೆ ಬಿದ್ದಿದ್ದಾರೆ. ಯಾರ ಬಳಿ ಕರೆದುಕೊಂಡು ಹೋಗಲಿ? ಅವರೊಬ್ಬರು ಸರಿಹೋದರೆ ನನಗೆ ಬೇರೇನೂ ಬೇಡ," ಎಂದು ಕಸ್ತೂರಿ ಕೇಳಿದಳು.

ನಿಂಗಯ್ಯಜ್ಜ ಮಠ ಸೇರುವ ಮುನ್ನ ಮೂವತ್ತು ವರ್ಷ ಅಂಚೆಯವರಾಗಿದ್ದರು. ಶಿಷ್ಯರನ್ನು ಬೈಯುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಅವತ್ತು ಬೈಯಲಿಲ್ಲ. "ಕುಳಿತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದರು.

ಒಂದು ಊರಿನಲ್ಲಿ ಒಬ್ಬ ಸೈನಿಕನಿದ್ದ. ಇದ್ದ ಎನ್ನುವುದೂ ತಪ್ಪು. ವರ್ಷಕ್ಕೊಮ್ಮೆ ಬರುತ್ತಿದ್ದ, ರಜೆ ಮುಗಿದೊಡನೆ ಹೋಗುತ್ತಿದ್ದ. ಮನೆಯಲ್ಲಿ ಇದ್ದವಳು ಅವನ ಹೆಂಡತಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವನ ಕಾಗದ ಓದಿ ಹೇಳುವವನೂ ಅವಳ ಕಾಗದ ಬರೆದುಕೊಡುವವನೂ ಊರಿನ ಅಂಚೆಯಣ್ಣನೇ. ಆ ಅಂಚೆಯಣ್ಣ ನಾನೇ, ಇನ್ಯಾರು?

ಆಹಾ, ಎಂಥ ಕಾಲ ಅದು! ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಸೈನಿಕನ ಕಾಗದ ಬಂತೆಂದರೆ ಅವಳ ಪಡಸಾಲೆ ತುಂಬುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ದೊಡ್ಡ ಮನುಷ್ಯನ ಹಾಗೆ ಓದುತ್ತಿದ್ದೆ. ನೀಲಿ ಇನ್‌ಲ್ಯಾಂಡ್ ಕಾಗದದ ಅಂಟನ್ನು ನಾಲಿಗೆಗೆ ತಾಗಿಸಿದರೆ ಒಂದು ಥರ ಸಿಹಿ. ಆ ರುಚಿ ಈಗಲೂ ನೆನಪಾಗುತ್ತದೆ, ಕಣ್ಣು ತುಂಬುತ್ತದೆ.

ಕಾಗದದ ಮೊದಲ ಸಾಲು ಯಾವಾಗಲೂ ಒಂದೇ. "ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು." ಅವಳು ಬಾಯಿ ತೆರೆಯುವ ಮೊದಲೇ ಅದನ್ನು ಬರೆದುಬಿಡುತ್ತಿದ್ದೆ. ಒಂದು ಸಲ ಅವಳ ಮೂರು ತಿಂಗಳ ಬಸಿರು ಇಳಿದುಹೋಯಿತು. "ಇದನ್ನು ಬರೆಯಲೇ ತಂಗೀ?" ಎಂದು ಕೇಳಿದೆ. "ಬೇಡ ಅಣ್ಣಾ, ಅಲ್ಲಿ ಬಂದೂಕು ಹಿಡಿದು ನಿಂತವರಿಗೆ ಈ ಚಿಂತೆ ಯಾಕೆ?" ಎಂದಳು. ಕ್ಷೇಮ ಎಂದು ಬರೆದೆ. ಅದೇ ಚಳಿಗಾಲದಲ್ಲಿ ಗಡಿಯಲ್ಲಿ ಹಿಮ ಕುಸಿದು, ಅವನ ಪಕ್ಕದಲ್ಲೇ ಮಲಗುತ್ತಿದ್ದ ಇಬ್ಬರು ಸತ್ತಿದ್ದರಂತೆ. ಅವನೂ ಕ್ಷೇಮ ಎಂದೇ ಬರೆದ. ಅದನ್ನು ಓದಿ ಹೇಳಿದವನೂ ನಾನೇ.

ಹದಿನೇಳು ವರ್ಷ ಹೀಗೆ ನಡೆಯಿತು. ಆಮೇಲೆ ಅವನು ಪಿಂಚಣಿ ಪಡೆದು ಊರಿಗೆ ಬಂದ. ಹಾರ ಹಾಕಿ ಕರೆತಂದೆವು. ಆರು ತಿಂಗಳೊಳಗೆ ಬೆಳಗಿನಿಂದಲೇ ಕುಡಿಯತೊಡಗಿದ. ಎಲ್ಲೋ ತಗಡು ಬಿದ್ದ ಸದ್ದಾದರೆ ಬೆಚ್ಚಿ ಗೋಡೆಗೆ ಅಂಟಿ ಕೂರುತ್ತಿದ್ದ. ಯಾರಾದರೂ ಮಾತಾಡಿಸಿದರೆ "ಕ್ಷೇಮ" ಎನ್ನುತ್ತಿದ್ದ. ಅವಳೂ ಬಾಗಿಲಲ್ಲಿ ನಿಂತು, "ಅವರಿಗೆ ಸ್ವಲ್ಪ ಜ್ವರ, ಅಷ್ಟೇ," ಎಂದು ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಹಿರಿಯರು ಗುಡಿಯಲ್ಲಿ ಆಣೆ ಮಾಡಿಸಿದರು. ಎಂಟು ದಿನಕ್ಕೆ ಆಣೆ ಮುರಿಯಿತು. ಮುರಿದ ನಾಚಿಕೆಗೆ ಇನ್ನಷ್ಟು ಕುಡಿದ. ಬುದ್ಧಿ ಹೇಳುವವರಿಗೇನು, ಹೇಳಿ ಮನೆಗೆ ಹೋಗಿ ಉಂಡು ಮಲಗಿದರು. ಅವರಲ್ಲಿ ನಾನೂ ಒಬ್ಬ.

ಒಂದು ಮಧ್ಯಾಹ್ನ ಅವಳು ಅಂಚೆ ಕಚೇರಿಗೆ ಬಂದಳು. ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು. ಮಲಗಿದ್ದವನನ್ನು ಊಟಕ್ಕೆ ಎಬ್ಬಿಸಲು ಹೋಗಿದ್ದಳು. ಕೆಟ್ಟ ಕನಸಿನಲ್ಲಿದ್ದವ ಅವಳ ಕುತ್ತಿಗೆ ಹಿಡಿದಿದ್ದ. ಎಚ್ಚರವಾದ ಮೇಲೆ, "ನಾನೊಬ್ಬ ಯಾಕೆ ಉಳಿದೆ," ಎಂದು ಅತ್ತಿದ್ದ. ಇನ್ನೊಂದು ಸಲ ಹೀಗಾದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

"ಒಂದು ಕಾಗದ ಬರೆದುಕೊಡಿ ಅಣ್ಣಾ," ಎಂದಳು.

"ಯಾರಿಗೆ?"

"ಅವರಿಗೇ. ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ. ಕಾಗದದಲ್ಲಾದರೆ ರೂಢಿಯಿದೆ."

ನಾನು ಇನ್‌ಲ್ಯಾಂಡ್ ಬಿಡಿಸಿದೆ. ಕೈ ತನ್ನ ಪಾಡಿಗೆ ಮೊದಲ ಸಾಲು ಬರೆಯಿತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ನಿಜ. ಆದರೆ ಹದಿನೇಳು ವರ್ಷ ನೋಡಿದ ಒಂದು ಪದದ ಆಕಾರ ಅವಳಿಗೆ ಗುರುತಿತ್ತು. ಅದರ ಮೇಲೆ ಬೆರಳಿಟ್ಟು, "ಇದನ್ನು ಹೊಡೆದುಹಾಕಿ," ಎಂದಳು. ಅಯ್ಯೋ ಕಸ್ತೂರಿ, ನನ್ನ ಜನ್ಮದಲ್ಲಿ ನನಗೆ ಯಾರೂ ಅಂಥ ಪಾಠ ಹೇಳಿರಲಿಲ್ಲ! ಹೊಡೆದುಹಾಕಿದೆ. ಅವಳು ಹೇಳುತ್ತ ಹೋದಳು. ಇಳಿದುಹೋದ ಬಸಿರು, ಸುಳ್ಳು ಜ್ವರ, ಕುತ್ತಿಗೆಯ ನೋವು, ಅವನನ್ನು ಕಂಡರೆ ತನಗಾಗುವ ಹೆದರಿಕೆ, ಅವನಿಲ್ಲದಿದ್ದರೆ ಎಂಬ ಹೆದರಿಕೆ. ಕಾಗದ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಠಸ್ಸೆ ಹಾಕಿ, ಖಾಕಿ ತೊಟ್ಟು, ಅವನು ಕುಡಿಯುವ ಮೊದಲೇ ಹೋಗಿ ಕೊಟ್ಟೆ. ಅವನು ನಿಂತೇ ಓದಿದ. ಓದಿ ಕುಳಿತ. ಬಹಳ ಹೊತ್ತಿನ ಮೇಲೆ ನನ್ನ ಪೆನ್ನು ಕೇಳಿ, ಅದೇ ಕಾಗದದ ಅಂಚಿನಲ್ಲಿ ಉತ್ತರ ಬರೆದ. ಒಳಗಿದ್ದ ಅವಳನ್ನು ಕರೆದು ನಾನು ಓದಿ ಹೇಳಿದೆ. "ಕಣ್ಣು ಮುಚ್ಚಿದರೆ ಹಿಮದಲ್ಲಿ ಸತ್ತ ಆ ಇಬ್ಬರು ಬರುತ್ತಾರೆ. ನನ್ನೊಬ್ಬನಿಂದ ಆಗುವುದಿಲ್ಲ. ಎಲ್ಲಿಗಾದರೂ ಕರೆದುಕೊಂಡು ಹೋಗು."

ಮೂವರೂ ಬಸ್ಸು ಹತ್ತಿದೆವು. ಜಿಲ್ಲೆಯಲ್ಲಿದ್ದ ಮಾಜಿ ಸೈನಿಕರ ಕಚೇರಿಯವರು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕುಡಿತ ಬಿಡಿಸುವ ವಾರ್ಡಿಗೆ ಸೇರಿಸಿಕೊಂಡರು. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವಂತೆ, ಔಷಧ ಕೊಟ್ಟೇ ಬಿಡಿಸಬೇಕಂತೆ. ನಮ್ಮ ಹಿರಿಯರ ಆಣೆಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ವಾರಕ್ಕೊಮ್ಮೆ ಅವನಂಥ ಸೈನಿಕರು ಒಂದು ಕೋಣೆಯಲ್ಲಿ ಕುಳಿತು ಮಾತಾಡುತ್ತಿದ್ದರು. ಪಕ್ಕದ ಕೋಣೆ ಅವರ ಮನೆಯವರದು. "ನಾನೇನು ಕುಡಿಯುತ್ತೇನೆಯೇ, ನನಗ್ಯಾಕೆ?" ಎಂದು ಅವಳು ಹೊರಗಿನ ಬೆಂಚಿನ ಮೇಲೇ ಕುಳಿತಳು. ಮೂರನೆಯ ವಾರ ಒಳಗೆ ಹೋದಳು. ಅವತ್ತು ಅವಳು ಅತ್ತದ್ದು ಬೆಂಚಿನ ಮೇಲಿದ್ದ ನನಗೂ ಕೇಳಿಸಿತು.

ಅಜ್ಜ ಇಷ್ಟು ಹೇಳಿ ನಿಲ್ಲಿಸಿದರು.

"ಆಮೇಲೆ ಅವನು ಕುಡಿತ ಬಿಟ್ಟನೇ?" ಎಂದಳು ಕಸ್ತೂರಿ.

"ಎರಡು ಸಲ ಜಾರಿದ. ಎರಡು ಸಲವೂ ಮತ್ತೆ ಬಸ್ಸು ಹತ್ತಿದ. ಈಗ ಇಬ್ಬರಿಗೂ ತಲೆ ನರೆತಿದೆ, ನೆಮ್ಮದಿಯಾಗಿದ್ದಾರೆ. ನಿನ್ನ ಗಂಡನಿಗೂ ಅದೇ ದಾರಿ. ನಾಳೆಯೇ ಹೋಗೋಣ, ನಾನೂ ಬರುತ್ತೇನೆ."

ಕಸ್ತೂರಿ ಸೆರಗು ಸರಿಪಡಿಸಿಕೊಂಡು ಎದ್ದಳು. ಅಜ್ಜ ಕೈಸನ್ನೆ ಮಾಡಿ ಅವಳನ್ನು ಮತ್ತೆ ಕೂರಿಸಿದರು.

"ಗಂಡನ ವಿಷಯವಾಯಿತು, ನೀನು ಹೇಗಿದ್ದೀಯಮ್ಮಾ?"

ಕ್ಷೇಮ ಎನ್ನಲು ಹೊರಟ ಕಸ್ತೂರಿ ಆ ಪದವನ್ನು ಅಲ್ಲೇ ನುಂಗಿ, ಮೊದಲಿನಿಂದ ಹೇಳತೊಡಗಿದಳು.