ಮಗ್ಗದ ಕುಣಿಯ ಮರಿ

"ಗುರುಗಳೇ, ಎಂಟು ವರ್ಷದ ಹಿಂದೆ ಈ ಮಠಕ್ಕೆ ಬಂದಾಗ ನಾನು ಮಹಾ ಮುಂಗೋಪಿ. ಈಗ ಕೋಪ ಇಳಿದಿದೆ. ಯಾರಿಗೆ ಕೃತಜ್ಞನಾಗಿರಲಿ? ನಿಮಗೋ, ನೀವು ಕೊಟ್ಟ ಮಂತ್ರಕ್ಕೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಎಳೆ ಕಡಿದರೂ ಕೂಗಾಡುತ್ತಿದ್ದ, ಸಾರಿಗೆ ಉಪ್ಪು ಕಡಿಮೆಯಾದರೂ ಕೂಗಾಡುತ್ತಿದ್ದ. ಸಿಟ್ಟು ನೆತ್ತಿಗೇರಿದರೆ ನೂಲು ಹಾಯಿಸುವ ಲಾಳಿಯನ್ನೇ ಗೋಡೆಗೆ ಎಸೆಯುತ್ತಿದ್ದ. ಅವನ ಹೆಂಡತಿ ಹಿತ್ತಲಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಸುತ್ತಿದ ನೂಲಿನ ಬುಟ್ಟಿಯನ್ನು ಮಗ್ಗದ ಕೋಣೆಯ ಹೊಸ್ತಿಲ ಮೇಲಿಟ್ಟು, ಒಳಗೆ ಬಾರದೆ ಹಿಂದಿರುಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಆ ಊರಿನ ಕೆರೆ ಏರಿಯ ಮೇಲೆ ಒಬ್ಬ ಮುದುಕಿ, ಜನ ಬಿಟ್ಟುಹೋದ ನಾಯಿಮರಿಗಳನ್ನು ಸಾಕುತ್ತಿದ್ದಳು. ನೇಕಾರ ಅವಳ ಬಳಿಯಿಂದ ಒಂದು ಹೆಣ್ಣುಮರಿಯನ್ನು ತಂದ. ಬೇಟೆನಾಯಿಯ ಉದ್ದ ಕಾಲು, ಬೀದಿನಾಯಿಯ ಮಡಚಿದ ಕಿವಿ. ಯಾವ ತಳಿ ಎಂದು ಮುದುಕಿಗೂ ತಿಳಿಯದು. ಯಾರದೋ ಕೈಯಲ್ಲಿ ಪೆಟ್ಟು ತಿಂದಿದೆ ಎನ್ನುವುದಷ್ಟೇ ಗೊತ್ತಿತ್ತು. "ದೀಪಾವಳಿವರೆಗೆ ನೋಡಪ್ಪಾ. ಅಷ್ಟರೊಳಗೆ ತಾನಾಗಿ ಹತ್ತಿರ ಬರದಿದ್ದರೆ ವಾಪಸ್ ತಂದುಬಿಡು. ಹೆದರಿಕೊಂಡು ಬದುಕೋದು ಬೇಡ ಅದು" ಎಂದಳು.

ಮರಿ ಮನೆಗೆ ಬಂದದ್ದೇ ತಡ, ಮಗ್ಗದ ಕುಣಿಗೆ ಇಳಿಯಿತು. ನೇಕಾರ ಕಾಲು ಇಳಿಬಿಟ್ಟುಕೊಂಡು ಮಗ್ಗ ತುಳಿಯುವ ಗುಂಡಿ ಅದು. ಅವನು ಎಂದಿನಂತೆ ಕೂಗಿದ. ಮರಿ ಮೂಲೆಗೆ ಒತ್ತಿಕೊಂಡು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನೇಕಾರನಿಗೆ ನಾಚಿಕೆಯಾಯಿತು. ಮನುಷ್ಯರು ಹೆದರಿದಾಗ ಅವನಿಗೆ ಹಾಗೆ ಆಗಿರಲಿಲ್ಲ.

ಮರಿಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಅಂದಿನಿಂದ ದನಿ ತಗ್ಗಿಸಿದ. ಎಳೆ ಕಡಿದರೆ ಸುಮ್ಮನೆ ಗಂಟು ಹಾಕಿದ. ಲಾಳಿ ಎಸೆಯಲು ಎತ್ತಿದ ಕೈಯನ್ನು ಎಷ್ಟೋ ಸಲ ಹಾಗೆಯೇ ಇಳಿಸಿದ. ಅನ್ನ ಇಟ್ಟು ಬೆನ್ನು ತಿರುಗಿಸಿ ಕೂತ. ಅವನು ನೋಡುತ್ತಿದ್ದರೆ ಮರಿ ತಿನ್ನುತ್ತಿರಲಿಲ್ಲ. ಕುಣಿಯಲ್ಲಿ ಅವನ ಕಾಲು ಒಂದು ಕಡೆ, ಅದು ಇನ್ನೊಂದು ಕಡೆ. ಹೀಗೆ ನಾಲ್ಕು ತಿಂಗಳು ಕಳೆದು ದೀಪಾವಳಿಯೂ ಬಂತು. ನಾಳೆ ಇದನ್ನು ಮುದುಕಿಗೆ ಕೊಟ್ಟುಬರಬೇಕು ಎಂದುಕೊಂಡು, ಭಾರವಾದ ಮನಸ್ಸಿನಿಂದ ಅವನು ಮಗ್ಗಕ್ಕೆ ಕೂತ. ಆಗ ಮರಿ ಎದ್ದು ಬಂದು ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿತು.

ನೇಕಾರ ಮಗ್ಗ ನಿಲ್ಲಿಸಿದ. ಅವನ ಕಣ್ಣು ತುಂಬಿತು. ಮೆಲ್ಲಗೆ ಹೆಂಡತಿಯನ್ನು ಕರೆದು, "ನೋಡು, ಬಂತು. ಇದರ ಉಪಕಾರ ಹೇಗೆ ಮರೀಲಿ? ನಾಲ್ಕೇ ತಿಂಗಳಲ್ಲಿ ನನ್ನನ್ನ ಮನುಷ್ಯನನ್ನಾಗಿ ಮಾಡ್ತು" ಎಂದ.

ಹೆಂಡತಿ ಹೊಸ್ತಿಲಾಚೆಯೇ ನಿಂತು ನೋಡಿದಳು. "ಅದಕ್ಕೆ ಹತ್ತಿರ ಬರೋದಕ್ಕೆ ನಾಲ್ಕು ತಿಂಗಳು ಬೇಕಾಯ್ತು. ನಾನು ಬಿಟ್ಟು ಹೋಗದೆ ಹದಿನಾರು ವರ್ಷ ಆಯ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನೇಕಾರ ಮರಿಯ ತಲೆಯನ್ನು ಜೋಪಾನವಾಗಿ ಸರಿಸಿ ಎದ್ದ. ಹಿತ್ತಲಿನಿಂದ ರಾಟೆಯನ್ನು ಹೊತ್ತು ತಂದು ಮಗ್ಗದ ಪಕ್ಕದಲ್ಲಿಟ್ಟು, ಹೆಂಡತಿಗೆ ಕೈಮುಗಿದ. ಅವಳು ಬಂದು ಕೂತಳು. ಮರಿ ಆ ಮನೆಯಲ್ಲೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಹಾಗಾದರೆ ನಾನು ಯಾರಿಗೆ ಕೃತಜ್ಞನಾಗಿರಲಿ?" ಎಂದು ಮತ್ತೆ ಕೇಳಿದ.

ಗುರುಗಳೆಂದರು: "ನೀನು ಕೂಗಾಡುತ್ತಿದ್ದ ಆ ದಿನಗಳಲ್ಲೂ ನಿನ್ನ ಪಕ್ಕದಿಂದ ಚಾಪೆ ಎತ್ತಿಕೊಂಡು ಹೋಗದವನು ಈ ಮಠದಲ್ಲಿ ಒಬ್ಬನಿದ್ದಾನೆ, ಅವನ ಹೆಸರು ಹೇಳು."