ಕಬ್ಬಿಣದ ಪೆಟ್ಟಿಗೆಯೊಳಗಿನ ಸೂಜಿ

“ಗುರುಗಳೇ, ಹಾವು ಕಚ್ಚಿದವರಿಗೆ ಕೊಡುವ ಮದ್ದನ್ನು ನನಗೆ ಕಲಿಸಿದಿರಿ. ಅದನ್ನು ಜೊತೆಯವರಿಗೂ ಹೇಳಿಕೊಡಬೇಕೇ? ಎಲ್ಲರಿಗೂ ತಿಳಿದುಹೋದರೆ ನನಗೇನು ಬೆಲೆ?” ಎಂದು ಬೊಮ್ಮರಸನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಚೀನಾ ದೇಶದಲ್ಲಿ, ಸಾಂಗ್ ವಂಶದ ಅರಸರ ಕಾಲದಲ್ಲಿ, ಒಬ್ಬ ವರ್ತಕನಿದ್ದ. ಹಡಗಿನಲ್ಲಿ ರೇಷ್ಮೆ, ಪಿಂಗಾಣಿ ತುಂಬಿಕೊಂಡು ಹೋಗಿ ಮಾರುತ್ತಿದ್ದ. ಚುಕ್ಕಾಣಿ ಹಿಡಿಯುವವನು ಅವನ ಸ್ವಂತ ಅಣ್ಣ. ಆಗ ಅಲ್ಲಿ ಹೊಸದಾಗಿ ಒಂದು ಸೂಜಿ ಬಂದಿತ್ತು. ನೀರಿನ ಬಟ್ಟಲಲ್ಲಿ ತೇಲಿಬಿಟ್ಟರೆ ತಾನಾಗಿ ತಿರುಗಿ ದಕ್ಷಿಣ ದಿಕ್ಕನ್ನು ತೋರಿಸುತ್ತಿತ್ತು. ವರ್ತಕ ಅದನ್ನು ಗುಟ್ಟಾಗಿ ಕೊಂಡ. ಯಾರಾದರೂ ಕಂಡು ಕಲಿತುಬಿಟ್ಟಾರೆಂದು ಹೆದರಿ, ಬಟ್ಟಲನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಬೇಕಾದಾಗ ಪರದೆಯ ಹಿಂದೆ ಒಬ್ಬನೇ ಕುಳಿತು, ಪೆಟ್ಟಿಗೆಯ ಮುಚ್ಚಳವಷ್ಟೇ ತೆರೆದು ನೋಡುತ್ತಿದ್ದ; ಅಣ್ಣನಿಗೂ ತೋರಿಸುತ್ತಿರಲಿಲ್ಲ. ಎಂಥ ಜಾಣ ನೋಡು!

ಒಮ್ಮೆ ಕಡಲಲ್ಲಿ ಮಂಜು ಕವಿಯಿತು. ವರ್ತಕ ಪರದೆಯ ಹಿಂದಿನಿಂದಲೇ ದಿಕ್ಕು ಕೂಗಿ ಹೇಳಿದ. ಅಣ್ಣ ಚುಕ್ಕಾಣಿ ತಿರುಗಿಸದೆ ಹಿಡಿದು ನಿಂತ.

“ತಮ್ಮಾ, ಈ ಕಡೆ ಬರೀ ಬಂಡೆ ಕಣೋ. ಒಂದು ಸಲ ಆ ಸೂಜಿಯನ್ನು ನನಗೂ ತೋರಿಸು.”

“ತೋರಿಸಿದರೆ ನಾಳೆ ನೀನೇ ಬೇರೆ ಹಡಗು ಕಟ್ಟುತ್ತೀಯ. ಸುಮ್ಮನೆ ಹೇಳಿದಷ್ಟು ಮಾಡು.”

ಅಣ್ಣ ಹೇಳಿದಷ್ಟು ಮಾಡಿದ. ಹಡಗು ಬಂಡೆಗೆ ಬಡಿದು ಒಡೆಯಿತು. ಅಣ್ಣ ನೀರುಪಾಲಾದ.

ವರ್ತಕ ಒಂದು ಹಲಗೆ ಹಿಡಿದು ಹೇಗೋ ದಡ ಸೇರಿದ. ನೇರವಾಗಿ ಹೋಗಿ ಸೂಜಿ ಮಾಡಿಕೊಟ್ಟವನ ಕೊರಳಪಟ್ಟಿ ಹಿಡಿದ.

“ನಿನ್ನ ಸುಳ್ಳು ಸೂಜಿ ನನ್ನ ಅಣ್ಣನನ್ನು ಕೊಂದಿತು! ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದ್ದೆನಲ್ಲೋ!”

ಸೂಜಿಯವನು ಬೆರಗಾಗಿ ಕೇಳಿದ.

“ಕಬ್ಬಿಣದ ಪೆಟ್ಟಿಗೆಯಲ್ಲೇ? ಹತ್ತಿರ ಕಬ್ಬಿಣವಿದ್ದರೆ ಸೂಜಿ ದಿಕ್ಕು ಬಿಟ್ಟು ಅದರ ಕಡೆಗೇ ತಿರುಗುತ್ತದೆ. ನಿನ್ನ ಅಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತಲ್ಲ! ಹೋದ ವರ್ಷ ಇಲ್ಲೇ ಕುಳಿತು ನನ್ನಿಂದ ಕಲಿತು ಹೋಗಿದ್ದ. ಆ ಪೆಟ್ಟಿಗೆಯನ್ನು ಒಮ್ಮೆ ಕಂಡಿದ್ದರೆ ಆಗಲೇ ಹೇಳುತ್ತಿದ್ದ.”

ವರ್ತಕನ ಕೈ ಸಡಿಲವಾಯಿತು.

ಕತೆ ಕೇಳುತ್ತಿದ್ದ ಬೊಮ್ಮರಸನೂ ಬೆಚ್ಚಿಬಿದ್ದ. “ಅಯ್ಯೋ, ಅಣ್ಣನಿಗೆ ಗೊತ್ತಿತ್ತೇ!” ಎಂದ.

ಗುರುಗಳು ಹೇಳಿದರು: “ಜೊತೆಯವರಿಗೆ ತೋರಿಸದೆ ಮುಚ್ಚಿಟ್ಟ ನಿನ್ನ ಮದ್ದಿನಲ್ಲಿ ಒಂದು ಬೇರು ತಪ್ಪಿದ್ದರೆ, ಅದನ್ನು ಕುಡಿದು ಸತ್ತವನು ಎದ್ದು ಬಂದು ನಿನಗೆ ಹೇಳುತ್ತಾನೆಯೇ?”