ಗಂಟು ಬಿಸಾಕಿದ ಜವಳಿ ವ್ಯಾಪಾರಿ

“ಗುರುಗಳೇ, ಜನರ ಮುಂದೆ ಮಾತಾಡುವಾಗ ಕೈ ಎಲ್ಲಿಟ್ಟುಕೊಳ್ಳಬೇಕು?” ಎಂದು ಶಿಷ್ಯ ರೇವಣ ಕೇಳಿದ.

ಊರ ಬಾವಿಯಲ್ಲಿ ಹೂಳು ತುಂಬಿ ನೀರು ನಾರುತ್ತಿತ್ತು. ಮಕ್ಕಳು ಕಾಯಿಲೆ ಬಿದ್ದಿದ್ದರು. ಹೂಳೆತ್ತೋಣ ಬನ್ನಿ ಎಂದು ರೇವಣ ಹಿಂದೊಮ್ಮೆ ಹೇಳಿದ್ದ. ಯಾರೂ ಬರಲಿಲ್ಲ. ನಾಳೆ ಮತ್ತೆ ಹೇಳಬೇಕು. ಈ ಸಲ ಬಾವಿಯ ಚಿತ್ರವನ್ನು ದೊಡ್ಡ ಬಟ್ಟೆಯ ಮೇಲೆ ಬರೆದಿದ್ದ. ಕನ್ನಡಿಯ ಮುಂದೆ ಕೈ ಬೀಸಿ ಅಭ್ಯಾಸವನ್ನೂ ಮಾಡಿದ್ದ.

ಗುರು ಚಿತ್ರ ನೋಡಿದರು.

“ಚೆನ್ನಾಗಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಜವಳಿ ವ್ಯಾಪಾರಿಯಿದ್ದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಜನ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ವ್ಯಾಪಾರಿ ಸುಡುವ ಮರಳಿಗೆ ಇಳಿಯುತ್ತಿರಲಿಲ್ಲ. ಎತ್ತರದ ದಡದಲ್ಲೇ ನಿಂತು ಒಂದೊಂದೇ ಸೀರೆ ಬಿಚ್ಚಿ ಬೀಸುತ್ತಿದ್ದ. ಕೆಳಗಿನವರು ಕೈಸನ್ನೆಯಲ್ಲೇ ಬೇಕು, ಬೇಡ ಅನ್ನುತ್ತಿದ್ದರು. ಮೆಚ್ಚಿದವರು ಹತ್ತಿ ಬರುತ್ತಿದ್ದರು.

ಒಂದು ದಿನ ಅವನು ದಡಕ್ಕೆ ಬಂದು ತಲೆಯೆತ್ತಿದ. ಮೇಲ್ಗಡೆಯ ತಿರುವಿನಲ್ಲಿ ಕೆಂಪು ನೀರು ಮರಗಳನ್ನು ಉರುಳಿಸಿಕೊಂಡು ಬರುತ್ತಿತ್ತು. ಎಲ್ಲೋ ದೂರದ ಬೆಟ್ಟದಲ್ಲಿ ಮಳೆಯಾಗಿತ್ತು. ತಗ್ಗಿನಲ್ಲಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಅವರ ನಡುವೆ ಅವನ ಮಗಳೂ ಬಗ್ಗಿ ಕಾಯಿ ಕೊಯ್ಯುತ್ತಿದ್ದಳು.

“ಓಡಿ! ಹೊಳೆ ಬಂತು!” ಎಂದು ಕೂಗಿದ. ಎದುರುಗಾಳಿ ಕೂಗನ್ನು ಅವನ ಬಾಯಿಗೇ ತುರುಕಿತು.

ಗಂಟು ಬಿಚ್ಚಿ ಕೆಂಪು ಸೀರೆ ಎಳೆದು ಬೀಸಿದ. ಕೆಳಗಿನವರು ನೋಡಿದರು. ಒಬ್ಬಳು ಬೇಡವೆಂದು ಕೈಯಾಡಿಸಿದಳು. ಇನ್ನೊಂದು ತೆಗೆದು ಜೋರಾಗಿ ಬೀಸಿದ. ಅದು ಹಸಿರು. ಜನ ನಕ್ಕರು. ಎದೆ ಬಡಿದುಕೊಂಡ, ಕುಣಿದ, ಎರಡೂ ಕೈಯಲ್ಲಿ ದಡ ತೋರಿಸಿದ. ಮಗಳು ತಾನು ಉಟ್ಟಿದ್ದ ಹಳದಿ ಸೀರೆಯ ಸೆರಗು ಹಿಡಿದು ತೋರಿಸಿದಳು: ಇಂಥದ್ದು ಇದ್ದರೆ ತೆಗೆಯಿರಿ.

ನೀರು ಅರ್ಧ ದಾರಿ ಬಂದಿತ್ತು.

ವ್ಯಾಪಾರಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಮರಳಿಗೆ ಎಸೆದ. ವರ್ಷದ ದುಡಿಮೆಯೆಲ್ಲ ಅದರಲ್ಲಿತ್ತು. ಬೆನ್ನು ತಿರುಗಿಸಿ ಹಿಂದಿನ ದಿಬ್ಬದ ಕಡೆಗೆ ಬಿದ್ದು ಎದ್ದು ಓಡಿದ.

ಕೆಳಗೆ ನಗು ನಿಂತಿತು. ಮೊದಲು ಮಗಳು ಬುಟ್ಟಿ ಬಿಸಾಕಿದಳು. ಆಮೇಲೆ ಎಲ್ಲರೂ ಓಡಿದರು. ಕೊನೆಯವನು ದಡ ಹತ್ತುವಾಗ ನೀರು ಅವನ ಹಿಮ್ಮಡಿ ಮುಟ್ಟಿತು. ಗಂಟು, ಕಲ್ಲಂಗಡಿ, ಗುಡಿಸಲು ಎಲ್ಲ ಹೋದವು. ಜನರೆಲ್ಲ ಉಳಿದರು.

ದಿಬ್ಬದ ಮೇಲೆ ಮಗಳು ಏದುಸಿರು ಬಿಡುತ್ತ ಅಂದಳು: “ಅಯ್ಯೋ ಅಪ್ಪಾ, ಇವತ್ತೇನು ಇಷ್ಟು ಕುಣಿದು ಮಾರ್ತಿದ್ದೀರಿ ಅಂದ್ಕೊಂಡೆ. ಗಂಟು ಬಿಟ್ಟು ಓಡಿದ್ರಲ್ಲ, ಆಗ ಜೀವ ಝಲ್ಲಂತು!”

ಗುರು ಕತೆ ನಿಲ್ಲಿಸಿದರು. ರೇವಣನ ಮುಖ ಅರಳಿತ್ತು. ತೊಡೆ ತಟ್ಟಿ ಎದ್ದ.

“ತಿಳಿಯಿತು ಗುರುಗಳೇ! ಹಾಗಾದರೆ ಚಿತ್ರ ಮೊದಲು ತೋರಿಸಲೋ, ಕೈ ಮೊದಲು ಬೀಸಲೋ?”

“ನಾಳೆ ನೀನು ಎಷ್ಟು ಹೊತ್ತಿಗೆ ಬಾವಿಗೆ ಇಳಿಯುತ್ತೀಯೆ?” ಎಂದರು ಗುರು.

ರೇವಣ ಚಿತ್ರದ ಬಟ್ಟೆಯನ್ನು ಮಡಚಿಟ್ಟ.